ಕಾರಿನ ಕೆಳಗಿನ ಪೇಪರು

ನಮ್ಮತ್ತೆ ಕಾರು ನಿಲ್ಲಿಸುವ ಜಾಗವನ್ನು ಅಡುಗೆಮನೆಗಿಂತ ಚೊಕ್ಕಟವಾಗಿ ಇಟ್ಟುಕೊಂಡಿದ್ದರು. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಅದು ನನ್ನ ಗಂಡ ಕಾಲೇಜಿಗೆ ಹೋಗುತ್ತಿದ್ದಾಗ ಕೊಂಡ ಕಾರು. ಈಚೆಗೆ ಸಿಗ್ನಲ್ ಬಿಟ್ಟ ಮೇಲೂ ಒಂದು ಕ್ಷಣ ಯೋಚನೆ ಮಾಡಿ ಹೊರಡುತ್ತಿತ್ತು. ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರೆ ಗೇರ್ ಎಣ್ಣೆ ತಳ ಕಂಡಿತ್ತು. ನಾನು ಫ್ರಿಜ್ ರಿಪೇರಿ ಮಾಡುವವಳು. ಗ್ಯಾಸಾದರೆ ಗಾಳಿಗೆ ಹೋಯಿತು ಅನ್ನಬಹುದು, ಎಣ್ಣೆ ಎಲ್ಲಿಗೆ ಹೋಗುತ್ತದೆ? ನೆಲದ ಮೇಲೆ ಒಂದು ಕಲೆಯೂ ಇಲ್ಲ.

ಮಾವನಿಗೆ ಕತ್ತು ತಿರುಗದಂತಾದ ಮೇಲೆ ಅತ್ತೆ ಡ್ರೈವಿಂಗ್ ಕಲಿತದ್ದು. ಕ್ಲಚ್ ಇರುವ ಕಾರಿನಲ್ಲಿ ಕಲಿಯಲು ಹೋಗಿ ಗೇಟಿಗೆ ಗುದ್ದಿದ್ದರು. ಇದರಲ್ಲಿ ಗೇರು ತಾನೇ ಬದಲಾಗುತ್ತದೆ, ಹಾಗಾಗಿ ಕೈಗೆ ಹತ್ತಿತು. ಇದು ಹೋದರೆ ಅವರ ಡ್ರೈವಿಂಗೂ ಹೋದಂತೆಯೇ. ಮಾವ ಮಾತ್ರ ಅವರ ಪಕ್ಕ ಒಂದು ದಿನವೂ ಕೂರಲಿಲ್ಲ. ಬಸ್ಸಿಗೆ ಹೋಗುತ್ತಿದ್ದರು.

"ಇದು ಸೋರೋಕೆ ಶುರುವಾದ ದಿನವೇ ಮಾರಿಬಿಡ್ತೀನಿ," ಎನ್ನುತ್ತಿದ್ದರು. "ನಡುರಸ್ತೇಲಿ ಕೆಟ್ಟು ನಿಂತ್ರೆ ಇವಳೊಬ್ಬಳೇ ಏನು ಮಾಡ್ತಾಳೆ?"

ಎಣ್ಣೆಯ ಜಾಡು ಹಿಡಿಯಲು ರಾತ್ರಿ ಮಾವನ ಪೇಪರನ್ನು ಕಾರಿನ ಕೆಳಗೆ ಹಾಸಿದೆ. ಬೆಳಿಗ್ಗೆ ಪೇಪರೇ ಮಾಯ.

"ಪದಬಂಧ ಅರ್ಧ ತುಂಬಿಸಿದ್ದೆ. ಪೇಪರಿಗೇನು ಕಾಲು ಬಂತಾ?" ಎಂದು ಮಾವ ಮನೆಯೆಲ್ಲ ಜಾಲಾಡಿದರು.

ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಹೋದೆ. ಅತ್ತೆ ಮಂಡಿಯೂರಿ ನೆಲ ಉಜ್ಜುತ್ತಿದ್ದರು. ಕೈಯಲ್ಲಿದ್ದ ಬಟ್ಟೆ ಕೆಂಪಗಾಗಿತ್ತು. ಗೇರ್ ಎಣ್ಣೆಯ ಬಣ್ಣವೇ ಅದು.

"ನಿಮ್ಮ ಮಾವನಿಗೆ ಹೇಳಬೇಡ ಕಣೇ," ಎಂದರು.

ನನಗೆ ಮೈಯೆಲ್ಲ ಉರಿಯಿತು. ಒರೆಸಿದರೆ ಸೋರುವುದು ನಿಲ್ಲುತ್ತದೆಯೇ? ಹೀಗೇ ಓಡಿಸಿದ್ದರೆ ಗೇರ್‌ಬಾಕ್ಸೇ ಸುಟ್ಟುಹೋಗುತ್ತಿತ್ತು. ಯಾವುದನ್ನು ಉಳಿಸಿಕೊಳ್ಳಲು ಒರೆಸುತ್ತಿದ್ದರೋ ಅದನ್ನೇ ಕೊಲ್ಲುತ್ತಿದ್ದರು. ಬೈಯಲು ಬಾಯಿ ತೆರೆದವಳಿಗೆ ಆ ಮುಖ ನೋಡಿ ಪಾಪ ಅನ್ನಿಸಿತು.

"ನಿಮ್ಮ ಪೌಡರ್ ಡಬ್ಬ ಕೊಡಿ," ಎಂದೆ.

"ಮುಖಕ್ಕೆ ಹಾಕೋದಾ?"

"ಕಾರಿನ ಮುಖಕ್ಕೆ."

ಮಾವ ವಾಕಿಂಗ್ ಹೋದ ಮೇಲೆ ಕಾರಿನ ಮುಂಭಾಗ ಎತ್ತಿ, ಸ್ಟ್ಯಾಂಡ್ ಕೊಟ್ಟು, ಕೆಳಗೆ ನುಸುಳಿದೆ. ಗೇರ್‌ಬಾಕ್ಸಿನ ಎಣ್ಣೆ ತಣ್ಣಗಾಗಲು ರೇಡಿಯೇಟರಿಗೆ ಹೋಗಿ ಬರಬೇಕು. ಅದಕ್ಕೆಂದೇ ಎರಡು ಸಣ್ಣ ಕಬ್ಬಿಣದ ಪೈಪುಗಳಿವೆ. ಎರಡನ್ನೂ ಒರೆಸಿ ಪೌಡರ್ ಬಳಿದು, ಹೊರಗೆ ಬಂದು, ಅತ್ತೆಗೆ ಎಂಜಿನ್ ಚಾಲೂ ಮಾಡಲು ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಆರಿಸಿ ಇಬ್ಬರೂ ಬಗ್ಗಿ ನೋಡಿದೆವು. ಬೆಳ್ಳನೆಯ ಪೈಪಿನ ಮೇಲೆ ಒಂದೇ ಕಡೆ ಕೆಂಪು ಹಬ್ಬಿತ್ತು. ಅಲ್ಲಿ ಅದನ್ನು ಹಿಡಿದಿಟ್ಟಿದ್ದ ಕ್ಲಿಪ್ ಮುರಿದು, ಪೈಪು ಕಾರಿನ ಅಡಿಯ ಚೌಕಟ್ಟಿಗೆ ತಿಕ್ಕಿ ತಿಕ್ಕಿ ಸವೆದಿತ್ತು.

"ಇಷ್ಟೇನಾ?" ಎಂದರು ಅತ್ತೆ. ಸೂಜಿಮೊನೆಯಷ್ಟು ತೂತು. ಅವರಿಗೆ ನಂಬಿಕೆಯೇ ಬರಲಿಲ್ಲ. ಬೆರಳು ಇಟ್ಟು ನೋಡಿದರು.

ಸವೆದ ಭಾಗ ಕತ್ತರಿಸಿ ತೆಗೆದೆ. ಎರಡೂ ತುದಿಗಳನ್ನು ಕೊಂಚ ಅಗಲಿಸಿ, ಬಿಸಿ ಎಣ್ಣೆ ತಡೆಯುವ ರಬ್ಬರ್ ಪೈಪು ತೂರಿಸಿ ಕ್ಲಾಂಪ್ ಹಾಕಿದೆ. ಹೊಸ ಕ್ಲಿಪ್ಪೂ ಕೂರಿಸಿದೆ. ಇದು ಯಾಕೆ, ಅದು ಯಾಕೆ ಎಂದು ಅತ್ತೆ ನನ್ನ ತಲೆ ತಿಂದರು. ಕೊನೆಯ ಕ್ಲಾಂಪಿಗೆ ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡರು.

"ಜಾಸ್ತಿ ಬಿಗೀಬೇಡಿ, ರಬ್ಬರ್ ಕತ್ತರಿಸುತ್ತೆ," ಎಂದೆ.

"ಗೊತ್ತಾಯ್ತು ಬಿಡು," ಎಂದರು. ಕೊನೆಗೆ ಕಡಿಮೆಯಾಗಿದ್ದ ಗೇರ್ ಎಣ್ಣೆಯನ್ನೂ ತುಂಬಿಸಿದೆ.

ಮಾರನೆಯ ಬೆಳಿಗ್ಗೆ ಮಾವನ ಪೇಪರು ಮತ್ತೆ ಕಾಣೆ. ಈ ಸಲ ಹಾಸಿದವಳು ನಾನಲ್ಲ. ಹುಡುಕುತ್ತಾ ಹೊರಗೆ ಬಂದ ಮಾವ ಕಾರಿನ ಕೆಳಗಿಂದ ಅದನ್ನು ಊರುಗೋಲಿನಲ್ಲಿ ಎಳೆದುಕೊಂಡರು.

"ಇಲ್ಲಿ ಯಾರು ಹಾಕಿದ್ದು?"

"ನಾನೇ," ಎಂದರು ಅತ್ತೆ. "ಕಾರು ಸೋರ್ತಿತ್ತು. ನಿಮಗೆ ಹೇಳಿರಲಿಲ್ಲ. ಈಗ ರಿಪೇರಿ ಆಗಿದೆ."

ಮಾವ ಪೇಪರನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಂದು ತೊಟ್ಟಿನ ಕಲೆಯೂ ಇರಲಿಲ್ಲ.

"ದಾರೀಲಿ ಮತ್ತೆ ಸೋರಿದ್ರೆ?"

ಅತ್ತೆ ಹೆಗಲ ಬ್ಯಾಗು ತೆರೆದು ಹಿಡಿದರು. ನನ್ನ ಸ್ಕ್ರೂಡ್ರೈವರ್, ಗೇಣುದ್ದ ರಬ್ಬರ್ ಪೈಪು, ಎರಡು ಕ್ಲಾಂಪು, ಅವುಗಳ ನಡುವೆ ಪೌಡರ್ ಡಬ್ಬ.

ಮಾವ ಬಗ್ಗಿ ಬ್ಯಾಗಿನೊಳಗೆ ನೋಡಿದರು. ಆಮೇಲೆ ಪೇಪರನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಡ್ರೈವರ್ ಪಕ್ಕದ ಬಾಗಿಲು ತೆಗೆದು ಕೂತರು.

"ಬೆಲ್ಟ್ ಹಾಕ್ಕೊಳ್ಳಿ," ಎಂದರು ಅತ್ತೆ. ಮಾವ ಹಾಕಿಕೊಂಡರು.