ಒಂದು ಕಾಲಿನ ಚಪ್ಪಲಿ

2024ರ ನವೆಂಬರ್ 17, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಬೆಟ್ಟದಪುರದ ಸುನಂದಮ್ಮನ ಮನೆ ಮುಂದೆ ಕಾರು ನಿಂತಿತು. ಜಗಲಿಯಲ್ಲಿ ಹೊಗೆಸೊಪ್ಪು ಬೇರ್ಪಡಿಸುತ್ತಿದ್ದ ಆಕೆ ತಲೆ ಎತ್ತಲಿಲ್ಲ. ಬರುತ್ತೇವೆಂದು ಸಿನಿಮಾದವರು ಹಿಂದಿನ ದಿನವೇ ಫೋನ್ ಮಾಡಿದ್ದರು. ಚಪ್ಪಲಿ ಬೇಕಂತೆ. ಸತ್ತವನ ಚಪ್ಪಲಿ ಯಾರಿಗೆ, ಯಾಕೆ?

ಅವಳ ಗಂಡ ಕಂಠಪ್ಪ ನಾಟಕದ ಹಾಸ್ಯಗಾರ. ಅವನು ಕುಂಟುತ್ತ ರಂಗಕ್ಕೆ ಬಂದರೆ ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗೂ ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಸತ್ತ ಮೇಲೆ ನಡೆದ ನೆನಪಿನ ನಾಟಕಗಳಲ್ಲೆಲ್ಲ ಯಾರೋ ಒಬ್ಬ ಕುಂಟಿ ಚಪ್ಪಾಳೆ ಗಿಟ್ಟಿಸುತ್ತಿದ್ದ. ಕಂಠಪ್ಪನ ಕುಂಟು ನಟನೆಯಲ್ಲವೆಂದು ಗೊತ್ತಿದ್ದದ್ದು ಸುನಂದಮ್ಮನಿಗೆ ಮಾತ್ರ. ಅವನ ಎಡಗಾಲು ಹುಟ್ಟಿನಿಂದಲೇ ಗಿಡ್ಡ. ಊರೊಳಗೆ ಆ ಕಾಲಿಗೆ ಅಟ್ಟೆ ಏರಿಸಿದ ಚಪ್ಪಲಿಯಲ್ಲಿ ನೆಟ್ಟಗೆ ನಡೆಯುತ್ತಿದ್ದ. ರಂಗಕ್ಕೆ ಮಾತ್ರ ಯಾರೂ ಚಪ್ಪಲಿ ಹಾಕಿ ಹತ್ತುವಂತಿಲ್ಲ. ಚಪ್ಪಲಿ ಬಿಡಬೇಕಾಗುತ್ತದೆಂದು ಗುಡಿಗೂ ಹೋಗದೆ ನಾಸ್ತಿಕ ಅನ್ನಿಸಿಕೊಂಡಿದ್ದ. "ನಗೋರು ನನ್ನ ಆಟಕ್ಕೆ ನಗ್ಲಿ ಕಣೆ, ಕಾಲಿಗಲ್ಲ" ಅನ್ನುತ್ತಿದ್ದ.

ಕಂಠಪ್ಪನ ಬದುಕನ್ನು ಸಿನಿಮಾ ಮಾಡುತ್ತಿದ್ದ ಕೃಷ್ಣಕುಮಾರ್ ಜಗಲಿಯ ಅಂಚಿಗೆ ಕೂತ. ಕಂಠಪ್ಪನ ಪಾತ್ರದ ಹುಡುಗ ಮಲ್ಲೇಶ್ ಅಂಗಳದಲ್ಲಿ ಕುಂಟಿ ತೋರಿಸಿದ.

"ಎಂಗೈತಮ್ಮ?"

"ಮುಳ್ಳು ತುಳ್ದ ಮೇಕೆ ಇದ್ದಂಗೈತೆ ಬುಡು."

ಕೃಷ್ಣಕುಮಾರ್ ನಗಲಿಲ್ಲ. "ಯಾವ ವಿಡಿಯೋ ನೋಡಿದ್ರೂ ಎಡಗಾಲೇ ಕುಂಟೋದು. ಒಂದ್ಸಲನೂ ಮರೆತು ಬಲಗಾಲು ಕುಂಟಿಲ್ಲ."

ಅವಳ ಕೈಯಲ್ಲಿದ್ದ ಎಲೆ ಹರಿಯಿತು. ಮೂಸಿ ನೋಡಲೇ ಬಂದಿದ್ದಾನೆ ಇವನು.

"ಮರೆಯೋಕೆ ಅವ್ರೇನು ನಿನ್ನೆ ಮೊನ್ನೆ ಆಟ ಕಲ್ತೋರಾ? ಪಿರಿಯಾಪಟ್ಣದಾಗೆ ಒಂದ್ಸಾರಿ ಬಲಗಾಲೂ ಕುಂಟಿದ್ರು. ನಿಮ್ಮ ವಿಡಿಯೋದೋರು ಅವತ್ತು ಬಂದಿರ್ನಿಲ್ಲ."

ಎದ್ದು ಒಳಗೆ ಹೋಗಿ ಬಲಗಾಲಿನ ಚಪ್ಪಲಿಯೊಂದನ್ನೇ ತಂದುಕೊಟ್ಟಳು.

"ಇನ್ನೊಂದಮ್ಮ?"

"ನಾಯಿ ಎತ್ಕಂಡೋಯ್ತು."

ಅವನು ಚಪ್ಪಲಿಯನ್ನು ಮಗುಚಿದ. "ಹಿಮ್ಮಡಿ ತೀರಾ ಸವೆದಿದೆ."

"ಸೈಕಲ್ಲಿಗೆ ಬ್ರೇಕಿರ್ನಿಲ್ಲ ಕಣಪ್ಪ. ಕಾಲೂರಿ ನಿಲ್ಸೋರು."

ಮಲ್ಲೇಶ್ ನಕ್ಕ. ಕೃಷ್ಣಕುಮಾರ್ ಅವಳ ಮುಖ ನೋಡಿದ. ಆಮೇಲೆ ಚಪ್ಪಲಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೊತ್ತಿಕೊಂಡು ಎದ್ದ. ನಿಜವಾದ ಭಕ್ತಿಯೋ, ಅದೂ ಒಂದು ನಟನೆಯೋ, ಅವಳಿಗೆ ತಿಳಿಯಲಿಲ್ಲ.

ಕಾರಿನ ಧೂಳು ಅಡಗುವವರೆಗೂ ಸುನಂದಮ್ಮ ಕದಲಲಿಲ್ಲ. ಆಮೇಲೆ ಸೊಪ್ಪಿನ ರಾಶಿಯೊಳಗೆ ಕೈಯಿಟ್ಟು, ಬಚ್ಚಿಟ್ಟಿದ್ದ ಎಡಗಾಲಿನ ಚಪ್ಪಲಿ ತೆಗೆದು, ಸೆರಗಿನಿಂದ ಒರೆಸಿ, ಮಡಿಲಲ್ಲಿಟ್ಟುಕೊಂಡಳು. ಏರಿಸಿದ ಅಟ್ಟೆಯ ಅಂಚಿನ ಮೇಲೆ ಅವಳ ಹೆಬ್ಬೆರಳು ಓಡಾಡಿತು. ಅದರ ದಪ್ಪ ಮುಕ್ಕಾಲು ಅಂಗುಲ.