ಪಾರ್ವತಮ್ಮ ಅನ್ನ ಬಿಟ್ಟದ್ದು

ಅನಂತಮತಿ ಸಲ್ಲೇಖನ ವ್ರತ ಹಿಡಿದಳಂತೆ ಅನ್ನೋ ಸುದ್ದಿ ಹೊಳೆನರಸೀಪುರಕ್ಕೆ ಬಂದಾಗ ಪಾರ್ವತಮ್ಮನಿಗೆ ಅಳು ಬರಲಿಲ್ಲ, ಹೊಟ್ಟೆಕಿಚ್ಚು ಬಂತು. ಎಷ್ಟೋ ವರ್ಷ ಗೋಡೆಗೆ ಗೋಡೆ ತಾಗಿಸಿಕೊಂಡು ಬಾಳಿದ ನೆರೆಯವಳು. ಉಪ್ಪಿನಕಾಯಿ ಹಾಕಿದರೆ ಅವಳದ್ದು ಕೆಡುತ್ತಿರಲಿಲ್ಲ, ಸೊಸೆ ತಂದರೆ ಅವಳಿಗೇ ಮಾತು ಕೇಳುವವಳು ಸಿಕ್ಕಿದಳು. ಈಗ ನೋಡಿ, ಸಾವಿನಲ್ಲೂ ಅವಳದ್ದೇ ಮೇಲುಗೈ. ಹಾಸನದ ಡಾಕ್ಟರು ಇನ್ನು ಆಗೋದಿಲ್ಲ ಅಂದಮೇಲೆ ಗುರುಗಳ ಅಪ್ಪಣೆ ಪಡೆದು, ಜಿನನಾಥಪುರದಲ್ಲಿ ಮಗನ ಮನೆಯಲ್ಲಿ ಅನ್ನ ಬಿಟ್ಟಿದ್ದಾಳೆ. ಜನ ಸಾಲುಗಟ್ಟಿ ಬಂದು ಕಾಲಿಗೆ ಬೀಳ್ತಾ ಇದಾರಂತೆ.

ನಾನೇನು ಕಮ್ಮಿ ಅಂತ ಪಾರ್ವತಮ್ಮ ಮಾರನೇ ದಿನವೇ ಶುರುಮಾಡಿದಳು. ತಟ್ಟೆ ಮುಟ್ಟಲಿಲ್ಲ. ಮನೆಯಲ್ಲಿ ಒಬ್ಬರಾದರೂ ಯಾಕೆ ಅಂತ ಕೇಳಬೇಕಲ್ಲ? ಸಂಜೆ ತಡೆಯಲಾರದೆ ಸೊಸೆ ಕನಕಲಕ್ಷ್ಮಿಯನ್ನು ತಾನೇ ಕೇಳಿದಳು, "ನಾನು ಊಟ ಮಾಡಿಲ್ಲ ಅಂತ ಯಾರಿಗಾದ್ರೂ ಗೊತ್ತಾಯ್ತೇನೇ?"

"ಇವತ್ತು ಏಕಾದಶಿ ಅಲ್ವಾ ಅತ್ತೆ? ನೀವು ಯಾವತ್ತು ಮಾಡಿದೀರಿ?"

ಹಠದಲ್ಲಿ ತಿಥಿಯೇ ಮರೆತುಹೋಗಿತ್ತು. ಒಂದು ದಿನದ ಉಪವಾಸ ಸುಮ್ಮನೆ ದಂಡವಾಯಿತು.

ದ್ವಾದಶಿ ಬೆಳಗ್ಗೆ ಪಾರಣೆಗೂ ಬಾಯಿ ತೆರೆಯಲಿಲ್ಲ. ಆಗ ವಿಷಯ ಗೊತ್ತಾಗಿ ಮಗ ಗಿರಿಧರ, ಹೈಸ್ಕೂಲು ಮೇಷ್ಟ್ರು, ತಲೆ ಮೇಲೆ ಕೈ ಹೊತ್ತು ಕೂತ. "ಅವರಿಗೆ ಅದು ವ್ರತ ಅಮ್ಮ. ನಮ್ಮಲ್ಲಿ ಆತ್ಮಹತ್ಯೆ ಅಂತಾರೆ. ಅದೂ ಗುಂಡುಕಲ್ಲಿನ ಹಾಗಿದೀಯ."

"ಅಲ್ವೋ, ಗೋಡೆ ಆಚೆ ಪುಣ್ಯ ಆದದ್ದು ಈಚೆ ಹೇಗೋ ಪಾಪ ಆಗುತ್ತೆ?"

ಗಿರಿಧರ ಎದ್ದು ಅಂಗಿ ಹಾಕಿಕೊಂಡ. ಅನಂತಮ್ಮನವರನ್ನೇ ಕೇಳೋಣ ಬಾ ಅಂತ ಬಸ್ಸು ಹತ್ತಿಸಿದ.

ಅನಂತಮತಿ ಚಾಪೆಯ ಮೇಲೆ ಒಂದು ಹಿಡಿಯಾಗಿದ್ದಳು. ಇವಳನ್ನು ಕಂಡದ್ದೇ ಕೈ ಜೋಡಿಸಿದಳು. "ಬಂದ್ಯಾ ಪಾರೂ. ನಿನ್ನ ಹತ್ತಿರ ಕ್ಷಮೆ ಕೇಳಬೇಕಿತ್ತು."

"ನನ್ನ ಹತ್ತಿರ ಯಾಕೆ?"

"ನಿನ್ನ ಮೇಲೆ ಬಹಳ ಹೊಟ್ಟೆಕಿಚ್ಚು ಪಟ್ಟಿದೀನಿ ಕಣೇ. ಹೊತ್ತು ಮುಳುಗೋದ್ರೊಳಗೆ ನಮ್ಮ ಊಟ ಮುಗಿದಿರೋದು. ನೀನು ದೀಪ ಹಚ್ಚಿ, ಮೊಮ್ಮಕ್ಕಳನ್ನ ಸುತ್ತ ಕೂರಿಸಿಕೊಂಡು, ಆಲೂಗಡ್ಡೆ ಹುಳಿ ಕಲಸಿ ಕೈತುತ್ತು ಹಾಕ್ತಿದ್ದೆ. ನಾನು ಗೋಡೆಗೆ ಒರಗಿ ಆ ನಗು ಕೇಳ್ತಾ ಉರೀತಿದ್ದೆ. ಎಲ್ಲಾ ಬಿಟ್ಟೆ, ಅದೊಂದು ಬಿಡೋದು ಕಷ್ಟ ಆಯ್ತು. ಕಿಚ್ಚು ಇಟ್ಕೊಂಡು ಅನ್ನ ಬಿಟ್ರೆ ವ್ರತ ಆಗಲ್ಲ ಪಾರೂ, ಬರೀ ಹಸಿವಾಗುತ್ತೆ. ಕ್ಷಮಿಸ್ತೀಯಾ?"

ಪಾರ್ವತಮ್ಮ ಆ ಜೋಡಿಸಿದ ಕೈಗಳನ್ನು ಹಿಡಿದುಕೊಂಡಳು. "ಕ್ಷಮಿಸಿದೀನಿ" ಅಂದಳು. ತನ್ನದನ್ನೂ ಹೇಳಿಬಿಡಬೇಕು ಅಂದುಕೊಂಡಳು, ನಾಲಿಗೆ ಏಳಲಿಲ್ಲ.

"ಊಟ ಮಾಡಿದ್ಯಾ?"

ಸಾಯೋಳ ಮುಂದೆ ಸುಳ್ಳು ಹೇಗೆ ಹೇಳೋದು? "ಹೋಗಿ ಮಾಡ್ತೀನಿ" ಅಂದಳು.

ಊರು ಸೇರಿದಾಗ ದೀಪ ಹಚ್ಚಿಯಾಗಿತ್ತು. ಪಾರ್ವತಮ್ಮ ಆಲೂಗಡ್ಡೆ ಹುಳಿಯನ್ನೇ ಕೇಳಿ ಮಾಡಿಸಿಕೊಂಡಳು. ಮೊದಲ ತುತ್ತಿಗೇ ಕಣ್ಣು ತುಂಬಿಕೊಂಡು ಗೊಣಗಿದಳು, "ಕ್ಷಮೆ ಕೇಳೋದ್ರಲ್ಲೂ ಅವಳೇ ಮೊದಲಾದ್ಲು, ನೋಡು. ಗಿರೀ, ನಾಳೆ ಮೊದಲನೇ ಬಸ್ಸಿಗೆ ಎಬ್ಬಿಸೋ. ಅವಳು ಹೊರಟುಬಿಡೋಕ್ಕೆ ಮುಂಚೆ ನನ್ನದೂ ಹೇಳಬೇಕು."