ಕೈ ಎತ್ತುವ ಸದಸ್ಯರು

"ಏ ಸೋಮ್ಯಾ, ಕುರ್ಚಿ ಮ್ಯಾಲೆ ಯಾಕ ಕೂತಿ, ಮಂಗ್ಯಾ? ಏಳು. ಅವು ಬಂದೋರಿಗೆ."

ಅಧ್ಯಕ್ಷ ಪವಮಾನ ಸಾಹೇಬರು ಎಲ್ಲರೆದುರು ಗದರಿದರು. ನಾನು ಎದ್ದೆ. ಬಂದವರೆಂದರೆ ಬ್ಯಾಂಕು, ಆಫೀಸುಗಳಲ್ಲಿರುವ ಧಾರವಾಡ, ಬೆಳಗಾವಿ ಕಡೆಯ ದೊಡ್ಡವರು. ನಾವು ಬಂದವರಲ್ಲ, ಟೆಂಪೊದಲ್ಲಿ ತುಂಬಿ ತಂದವರು. ಅಂದಹಾಗೆ, ಕೊಂಕಣಿ ಸೀಮೆಯ ಫಾತೋರ್ಡಾದ ಈ ‘ಕಡಲತೀರ ಕನ್ನಡ ಬಳಗ’ಕ್ಕೆ ನಾನು ಸಂಘಟನಾ ಕಾರ್ಯದರ್ಶಿ. ಸಭೆಗೆ ಮುಂಚೆ ಜಮಖಾನೆ ಹಾಸುವುದು, ಆಮೇಲೆ ಝಾಡಿಸಿ ಸುತ್ತಿಡುವುದು ಆ ಹುದ್ದೆಯ ಕೆಲಸ.

ಸಭೆ ನಡೆಯಬೇಕಾದರೆ ಇಷ್ಟು ಸದಸ್ಯರು ಕೂತಿರಬೇಕೆಂದು ಬಳಗದ ನಿಯಮ. ಕುರ್ಚಿಯವರು ಅಷ್ಟು ಜನ ಇರಲಿಲ್ಲ. ಹಾಗಾಗಿ ಗೌಂಡಿ ಕೆಲಸದ ನಮ್ಮನ್ನೆಲ್ಲ ಸದಸ್ಯರನ್ನಾಗಿ ಮಾಡಿಕೊಂಡಿದ್ದರು. ಸಾಹೇಬರು ಹುಬ್ಬು ಹಾರಿಸಿದರೆ ನಾನು ಕೈ ಎತ್ತುತ್ತಿದ್ದೆ, ನನ್ನನ್ನು ನೋಡಿ ಜಮಖಾನೆಯವರೆಲ್ಲ ಎತ್ತುತ್ತಿದ್ದರು. ಏನು ಪಾಸಾಯಿತೋ ಗೊತ್ತಾಗುತ್ತಿರಲಿಲ್ಲ, ಪಾಸು ಮಾಡಿದವರು ಮಾತ್ರ ನಾವೇ. ಆ ಹೆಮ್ಮೆಗೆ ನಾನು ಮೀಸೆ ತಿರುವಿದ್ದೂ ಉಂಟು. ಹೆಂಡತಿ ಮುರುಗೆವ್ವ, ಮನೆಯಲ್ಲಿ ಹಾಸುವುದು ಸುತ್ತುವುದು ತಾನೂ ಮಾಡುತ್ತೇನೆ, ತನ್ನನ್ನೂ ಕಾರ್ಯದರ್ಶಿ ಮಾಡು ಎಂದು ಕಾಡುತ್ತಿದ್ದಳು.

ಆ ಮಳೆಗಾಲ, ಮಗಳು ಚನ್ನು ಹಡೆದ ವಾರದಲ್ಲೇ, ನಮ್ಮ ಗುಡಿಸಲುಗಳಿದ್ದ ಗದ್ದೆಯ ಒಡೆಯ ಭಾಟ್ಕಾರ ಜೆಸಿಬಿ ತರಿಸಿದ. ಮಧ್ಯಾಹ್ನದೊಳಗೆ ಎಲ್ಲ ನೆಲಸಮ. ಹಸಿ ಬಾಣಂತಿ ಪ್ಲಾಸ್ಟಿಕ್ ಹಾಳೆ ಹೊದ್ದು ರಸ್ತೆ ಬದಿಗೆ ಕೂತಳು. ಕೂಸಿನ ಮೈ ಕಾದಿತ್ತು. ಎಷ್ಟಾದರೂ ನಾನು ಪದಾಧಿಕಾರಿ. ಧೈರ್ಯದಿಂದ ಸಾಹೇಬರ ಮನೆಗೆ ಹೋಗಿ, ಮಳೆ ಹೊಳವಾಗುವ ತನಕ ಬಾಣಂತಿಯನ್ನು ಬಳಗದ ಭವನದಲ್ಲಿ ಮಲಗಿಸುತ್ತೇನೆಂದು ಬೇಡಿಕೊಂಡೆ. ಅವರು ಗೇಟು ತೆರೆಯದೆಯೇ ಸಮಾಧಾನದಿಂದ ತಿಳಿಸಿ ಹೇಳಿದರು: ಭವನ ಇರುವುದು ಸಭೆಗೆ, ಸಂಸಾರಕ್ಕಲ್ಲ.

"ಹೊಲಸ ಆಗ್ತದೊ. ಮುಂದಿನ ವಾರ ಕಾರ್ಯಕ್ರಮ ಬ್ಯಾರೆ ಅದ."

"ಖರೇ ಐತ್ರಿ" ಎಂದು ನಾನು ಕೈ ಮುಗಿದು ಬಂದೆ. ನನಗೆ ಬಾಲವೊಂದಿದ್ದರೆ ಅದನ್ನೂ ಅಲ್ಲಾಡಿಸುತ್ತಿದ್ದೆ.

ಮುರುಗೆವ್ವ ಕೇಳಿ ಕೆಂಡವಾದಳು. "ನಿನ್ನ ಬಾಯಾಗ ಮಣ್ಣ ಹಾಕ. ಸಭಾಕ್ಕ ಐತಿ ಅಂದ್ನಲ್ಲ ಆ ಸೂಳಿಮಗ? ಸಭಾನ ಮಾಡೂಣು ನಡಿ. ಸದಸ್ಯರು ನಾವಲ್ಲೇನ?"

ಜಮಖಾನೆಯ ಸಲುವಾಗಿ ಭವನದ ಕೀಲಿ ನನ್ನ ಉಡಿದಾರದಲ್ಲೇ ಇತ್ತು. ಅಷ್ಟು ಹೊತ್ತು ಅದು ನೆನಪಾಗದ ಬುದ್ಧಿಗೆ ಏನೆನ್ನಬೇಕು! ಒಲೆ, ಪಾತ್ರೆ, ಮುದುಕರು, ಮಕ್ಕಳು ಎಲ್ಲ ಒಳಗೆ ಬಂದರು. ನಾನು ಎದ್ದು ನಿಂತು, ಇವತ್ತಿನ ವಿಷಯ ಒಂದೇ, ಚನ್ನು ಎಲ್ಲಿ ಮಲಗಬೇಕು, ಇಲ್ಲೇ ಎನ್ನುವವರು ಕೈ ಎತ್ತಿ ಎಂದೆ. ಯಾರೂ ಹುಬ್ಬು ಹಾರಿಸಿರಲಿಲ್ಲ, ಆದರೂ ಕೈಗಳೆಲ್ಲ ಎದ್ದವು. ಚನ್ನು ಮಲಗಿದ್ದಲ್ಲೇ ಎತ್ತಿದಳು.

ಸಂಜೆ ಸಭೆಯ ಸುದ್ದಿ ಕೇಳಿ ಸಾಹೇಬರು ಕೊಡೆ ಹಿಡಿದು ಓಡಿ ಬಂದರು. ತಾವು ಅಧ್ಯಕ್ಷರು, ಸಭೆ ಮುಗಿಯಿತು, ಎಲ್ಲರೂ ಹೊರಗೆ ನಡೆಯಿರಿ ಎಂದು ಬಾಗಿಲಲ್ಲೇ ನಿಂತು ಕೂಗಿದರು.

"ಹಂಗ ಮುಗಿಯೂದಿಲ್ರಿ" ಎಂದೆ. "ಬಾಣಂತಿ ಎಲ್ಲಿ ಹೋಗಬೇಕು, ನೀವ ಹೇಳ್ರಿ. ಹೇಳಿದ ಮ್ಯಾಲ ಮುಗಸ್ತೀವಿ."

ಅವರು ಮೊಬೈಲು ತೆಗೆದು ಪೊಲೀಸರಿಗೆ ಕೊಂಕಣಿಯಲ್ಲಿ, ಘಾಂಟಿಗಳು ಒಳಗೆ ನುಗ್ಗಿದ್ದಾರೆ, ಬೇಗ ಬನ್ನಿ ಎಂದರು. ಘಟ್ಟದ ಮೇಲಿಂದ ಬಂದವರನ್ನು ಇಲ್ಲಿ ಬೈಯುವ ಮಾತು ಅದು. ಸಾಹೇಬರ ಧಾರವಾಡವೂ ಘಟ್ಟದ ಮೇಲೆಯೇ ಇದೆ. ಪೇಟೆಯಲ್ಲಿ ಯಾರಾದರೂ ಹಾಗೆ ಬೈದರೆ, ನಮಗೂ ಒಂದು ಬಳಗವಿದೆ ಎಂದು ಎದೆಯುಬ್ಬಿಸಿ ನಡೆದಿದ್ದ ಮೂರ್ಖ ನಾನು. ಬಹಳ ನೋವಾಯಿತು.

ಮುರುಗೆವ್ವ ಅವರ ಮುಖಕ್ಕೇ ಬಾಗಿಲು ಹಾಕಿ ಅಗಳಿ ಜಡಿದಳು. ವೇದಿಕೆಯ ಹಿಂದೆ ಬಳಗದ ಹೆಸರು ಬರೆದ ಬಟ್ಟೆ ಕಟ್ಟಿತ್ತು. ನಾನು ಹತ್ತಿ ಅದನ್ನು ಬಿಚ್ಚಿದೆ. ಫ್ಯಾನಿನ ಕೊಂಡಿಗೆ ಅದನ್ನೇ ಜೋಲಿ ಕಟ್ಟಿ ಮೊಮ್ಮಗನನ್ನು ಮಲಗಿಸಿದೆವು. ಮಲಗಿಸಿದ ಕೂಡಲೇ ಅವನು ಉಚ್ಚೆ ಹೊಯ್ದ.

ಹೊರಗೆ ಜೀಪು ನಿಂತಿತು. ಬಾಗಿಲು ತೆರೆ ಎಂದು ಲಾಠಿಯಿಂದ ಬಡಿದರು. ನಾನು ಜೋಲಿ ತೂಗುತ್ತಿದ್ದೆ. ಕೂಸಿಗೆ ಆಗಷ್ಟೇ ನಿದ್ದೆ ಹತ್ತಿತ್ತು, ನನಗೆ ಕೈ ಬಿಡುವಿರಲಿಲ್ಲ.